ಅರಿಶಿನ ಹಚ್ಚಿದ ಪೆಟ್ಟಿಗೆಗಳು

ಅಂಟು ಗಟ್ಟಿಯಾಗುವ ಮೊದಲೇ ಮೂರನೆಯ ಪೆಟ್ಟಿಗೆಯೂ ಮುಗಿಯಬೇಕಿತ್ತು. ಮಾನಮ್ಮ ಗೋದಾಮಿನ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು, ಮೈದಾ ಹಿಟ್ಟಿನ ಅಂಟನ್ನು ಎರಡು ಬೆರಳಿನಿಂದ ಚೀಟಿಯ ಬೆನ್ನಿಗೆ ಸವರಿ, ಮೊದಲು ಮೂಲೆಗಳನ್ನು ಒತ್ತಿ, ಆಮೇಲೆ ನಡುವನ್ನು ಅಂಗೈಯಿಂದ ಒರೆಸಿದಳು. ಚೀಟಿಯೊಳಗಿನ ಬುರುಡೆ ಅವಳನ್ನೇ ನೋಡಿತು. ಅದರ ಕೆಳಗೆ ಅಡ್ಡಡ್ಡ ಎರಡು ಎಲುಬು, ಇನ್ನೂ ಕೆಳಗೆ ಇಂಗ್ಲಿಷಿನಲ್ಲಿ ವಿಷ ಎಂಬ ಒಂದೇ ಪದ. ಔಷಧಿಯ ಘಾಟಿಗೆ ಅವಳು ಸೆರಗನ್ನು ಮೂಗಿಗೆ ಒತ್ತಿಕೊಂಡಳು.

"ನಿನ್ನ ಹೊಟ್ಟ್ಯಾಗಿಂದು ಈ ವಾಸನಿಗೆ ಬೈಯಾಕತ್ತದ ನೋಡು," ಎಂದು ಎದುರಿಗೆ ಕೂತು ಔಷಧಿ ಡಬ್ಬಿಗಳ ನಡುವೆ ಹುಲ್ಲು ತುರುಕುತ್ತಿದ್ದ ಖಾಸಿಂ ಬೀ ನಕ್ಕಳು.

"ಮೆಲ್ಲಕ ಮಾತಾಡಬೇ. ಸಾಹುಕಾರ್ರ ಕಿವಿಗೆ ಬಿದ್ರ ನಾಳಿಂದ ಬರಬ್ಯಾಡ ಅಂತಾರ."

"ಏಳು ತಿಂಗಳ ತನಕ ಸೀರಿ ಮುಚ್ಚತದ. ಆಮ್ಯಾಲ ಅಲ್ಲಾ ಮುಚ್ಚತಾನ."

ಇಬ್ಬರೂ ನಕ್ಕರು. ರಾಯಚೂರಿನ ಗಂಜ್ ಮಾರುಕಟ್ಟೆಯ ಹಿಂದೆ, ಹತ್ತಿ ಬೆಳೆಗೆ ಹೊಡೆಯುವ ಔಷಧಿ ತಯಾರಿಸುವ ಆ ಸಣ್ಣ ಕಾರ್ಖಾನೆಯಲ್ಲಿ ಹೀಗೆ ಜೊತೆಗೆ ನಗುವವರು ಅವರಿಬ್ಬರೇ. ಉಳಿದ ಹೆಂಗಸರಿಗೆ ಮಾನಮ್ಮನ ಕುರ್ಚಿಯ ಮೇಲೆ ಕಣ್ಣು. ದೇವದುರ್ಗ ತಾಲೂಕಿನ ಮಸರಕಲ್ಲಿನ ಕೂಲಿಯವರ ಮಗಳು ಟೈಪಿಂಗ್ ಕಲಿತು ಬಂದು ಸಾಹುಕಾರರ ಕೋಣೆಯ ಹೊರಗೆ ಕುರ್ಚಿ ಹಾಕಿಕೊಂಡು ಕೂತಿದ್ದನ್ನು ಅವರು ಎರಡು ವರ್ಷವಾದರೂ ಅರಗಿಸಿಕೊಂಡಿರಲಿಲ್ಲ. ಕುಡಿಯುವ ನೀರಿನ ಗಡಿಗೆಯ ಹತ್ತಿರ ಅವಳು ಬಂದರೆ ಈಗಲೂ ಯಾರಾದರೊಬ್ಬರು ಎದ್ದು ತಾವೇ ನೀರು ಎತ್ತಿ ಹೊಯ್ಯುತ್ತಿದ್ದರು. ಅದು ಮರ್ಯಾದೆ ಅಲ್ಲವೆಂದು ಅವಳಿಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಅದು ಎಂಬತ್ತನಾಲ್ಕರ ಬೇಸಿಗೆಯ ಕೊನೆ. ಕಾರ್ಖಾನೆಯ ಹೊಸ ಔಷಧಿಯ ಮಾದರಿ ದಿಲ್ಲಿಯ ಪರೀಕ್ಷೆಗೆ ಹೋಗಬೇಕಿತ್ತು. ಪರೀಕ್ಷೆಯಲ್ಲಿ ಪಾಸಾಗದೆ ಆ ವರ್ಷದ ಹತ್ತಿಗೆ ಅದನ್ನು ಮಾರುವಂತಿರಲಿಲ್ಲ. ರೈಲಿಗೆ ಹಾಕಿದರೆ ತಡವಾಗುತ್ತದೆಂದು ಸಾಹುಕಾರ ಉರುಕುಂದಪ್ಪ ಜೀಪಿನಲ್ಲಿ ಹೈದರಾಬಾದಿಗೆ ಕಳಿಸಿ, ಅಲ್ಲಿಂದ ವಿಮಾನಕ್ಕೆ ಹಾಕಲು ನಿಶ್ಚಯಿಸಿದ್ದ. ವಿಮಾನದ ಸರಕು ಕಚೇರಿಯಿಂದ ಒಂದು ದಪ್ಪ ಪುಸ್ತಕ, ಒಂದು ಕಟ್ಟು ಚೀಟಿ, ಅಪಾಯಕಾರಿ ಸರಕಿನ ಫಾರಂ ಬಂದಿದ್ದವು. ಸಾಹುಕಾರ ಅವನ್ನೆಲ್ಲ ಮಾನಮ್ಮನ ಮೇಜಿನ ಮೇಲೆ ಇಟ್ಟು ಹೋಗಿದ್ದ. ಅವಳು ಪುಸ್ತಕ ಓದಿ, ಪೆಟ್ಟಿಗೆಯೊಳಗೆ ಏನಿದೆ, ಎಂಥ ವಿಷ, ಹೇಗೆ ಕಟ್ಟಲಾಗಿದೆ, ಎಚ್ಚರಿಕೆಯ ಚೀಟಿ ಅಂಟಿಸಲಾಗಿದೆ ಎಂದೆಲ್ಲ ಟೈಪ್ ಮಾಡಿ ಸಹಿಗೆ ಒಯ್ದಾಗ, "ನಾ ಹಾಕಿದ್ರ ಕನ್ನಡದಾಗ ಬೀಳ್ತದ. ಇಂಗ್ಲಿಷಿನ್ಯಾಗ ನೀನೇ ಗೀಚು," ಎಂದು ಹಿಂದಕ್ಕೆ ತಳ್ಳಿದ್ದ. ಅವಳು ಸಹಿ ಹಾಕಿದ್ದಳು. ತನ್ನ ಹೆಸರು ವಿಮಾನ ಹತ್ತುತ್ತದೆಂದು ಆ ದಿನ ಒಳಗೊಳಗೇ ಹಿಗ್ಗಿದ್ದಳು ಕೂಡ.

ಜೀಪು ನಸುಕಿನಲ್ಲಿ ಹೊರಡಬೇಕಾದ್ದರಿಂದ ಗುರುವಾರ ಸಂಜೆಯೇ ಮೂರೂ ಪೆಟ್ಟಿಗೆಗಳನ್ನು ಸಾಹುಕಾರರ ಮನೆಯ ಪಡಸಾಲೆಗೆ ಸಾಗಿಸಿದರು. ಖಾಸಿಂ ಬೀ ಜೊತೆಗೆ ಹೋದಳು. ಮಾನಮ್ಮ ಮೂರರ ಮೇಲೂ ಕೈಯಾಡಿಸಿ, ಚೀಟಿಗಳು ಗಟ್ಟಿಯಾಗಿ ಕೂತಿವೆಯೆಂದು ನೋಡಿಕೊಂಡು ಮನೆಗೆ ಹೋದಳು.

ಶನಿವಾರ ಬೆಳಿಗ್ಗೆ ಅವಳು ಬಂದಾಗ ಆ ಪೆಟ್ಟಿಗೆಗಳು ಕಾರ್ಖಾನೆಯ ಅಂಗಳದಲ್ಲಿ ಬಿಸಿಲಿಗೆ ಕೂತಿದ್ದವು.

ಬುರುಡೆ ಇದ್ದ ಜಾಗದಲ್ಲಿ ಕಟ್ಟಿಗೆಯನ್ನು ಬೆಳ್ಳಗಾಗುವ ಹಾಗೆ ಉಜ್ಜಿದ್ದರು. ಉಜ್ಜಿದ ಜಾಗದ ಮೇಲೆ ಅರಿಶಿನದ ಐದು ಬೆರಳ ಗುರುತು, ಅದರ ನಡುವೆ ಕುಂಕುಮದ ಬೊಟ್ಟು. ಒಂದು ಪೆಟ್ಟಿಗೆಗೆ ಒಣಗಿದ ಸೇವಂತಿಗೆಯೂ ಅಂಟಿಕೊಂಡಿತ್ತು. ಕೆಲಸದವರೆಲ್ಲ ಸುತ್ತ ನಿಂತಿದ್ದರು. ಡ್ರೈವರ್ ಜಹೀರುದ್ದೀನ್ ಜೀಪಿನ ಮೆಟ್ಟಿಲ ಮೇಲೆ ಕೂತು ಕೆಂಪು ಕಣ್ಣಿನಿಂದ ನೆಲ ನೋಡುತ್ತಿದ್ದ.

"ಬಂದ್ಳು ನೋಡ್ರಿ ವಿಮಾನದವ್ವ," ಎಂದ ಉರುಕುಂದಪ್ಪ. "ಹೇಳಲೇ ಜಹೀರಾ, ಏನಂದ್ರು ಅಂತ ಈಕಿ ಮುಂದ ಹೇಳು."

"ಏನ್ ಹೇಳ್ಲಿ ಸಾಹುಕಾರ್," ಜಹೀರುದ್ದೀನ್ ತಲೆಯೆತ್ತಿದ. "ಕಾಗದ ನೋಡಿದ್ರು, ಪೆಟ್ಟಿಗಿ ನೋಡಿದ್ರು. 'ಕಾಗದದಾಗ ವಿಷ ಅಂತ ಅದ, ಪೆಟ್ಟಿಗಿಗೆ ಅರಿಷಿಣ ಕುಂಕುಮ ಅದ. ದಿಲ್ಲಿಗೆ ವಿಷ ಕಳಸಾಕತ್ತೀರೋ, ಪರಸಾದ ಕಳಸಾಕತ್ತೀರೋ' ಅಂತ ಆ ಆಫೀಸರ ಕೇಳ್ದ. ನನಗೇನ್ ಗೊತ್ತು ಹೌಲೆಗೆ, ಹುಚ್ಚಗ, ಎರಡೂ ಇರಬೌದು ಅಂದೆ. ಅಷ್ಟಕ್ಕೇ ಮಂದೀನೆಲ್ಲ ಹೊರಗ ಹಾಕಿ, ಬೆಂಕಿ ಆರಸೋ ಗಾಡಿ ಕರಸಿದ್ರು. ನನ್ನ ಕಳ್ಳನ ಹಂಗ ಬಿಸಲಾಗ ಕುಂದರಸಿದ್ರು. ವಿಮಾನ ನನ್ನ ತಲಿ ಮ್ಯಾಲಿಂದನ ಹೋತು."

ಯಾರೋ ಕಿಸಕ್ಕನೆ ನಕ್ಕರು. ಸಾಹುಕಾರ ತಿರುಗಿ ನೋಡಿದ ಕೂಡಲೇ ಸುಮ್ಮನಾದರು.

"ಚೀಟಿ ಯಾಕ ಹಚ್ಚಲಿಲ್ಲ?"

"ಹಚ್ಚೀನ್ರಿ," ಎಂದಳು ಮಾನಮ್ಮ. ಬಾಗಿ ಪೆಟ್ಟಿಗೆಯ ಅಂಚನ್ನು ತೋರಿಸಿದಳು. ಅಲ್ಲಿ ಚೀಟಿಯ ಒಂದು ಮೂಲೆ ಇನ್ನೂ ಕಚ್ಚಿಕೊಂಡಿತ್ತು. "ಇಲ್ಲಿ ನೋಡ್ರಿ, ತುಂಡು ಉಳದದ. ಬಿಸಿನೀರು ಹಾಕಿ ಕೆರದಾರ."

"ಅದು ಯಾವುದೋ ಹಳೇ ಚೀಟಿ."

"ಪೆಟ್ಟಿಗಿ ಹೊಸಾವು ಅದಾವ್ರಿ."

ಅಂಗಳದಲ್ಲಿ ನಿಂತವರ ಕಣ್ಣೆಲ್ಲ ಅರಿಶಿನದ ಮೇಲಿತ್ತು. ಅದು ಯಾರ ಬೆರಳೆಂದು ಯಾರಿಗೂ ಹೇಳಬೇಕಾಗಿರಲಿಲ್ಲ. ಶುಕ್ರವಾರ ಸಾಹುಕಾರರ ಹೆಂಡತಿಗೆ ಕುಬಸದ ಕಾರ್ಯ, ಸೀಮಂತ, ಇತ್ತು. ಎರಡು ಸಲ ಹೊಟ್ಟೆ ಇಳಿದು, ಮೂರನೆಯ ಸಲ ಏಳನೇ ತಿಂಗಳಿಗೆ ಮುಟ್ಟಿದ ಬಸಿರು ಅದು. ಸಾಹುಕಾರರ ತಾಯಿ ಬಸ್ಸಮ್ಮ ವಾರದಿಂದ ಮನೆಯನ್ನು ಗೋಮೂತ್ರ ಹಾಕಿ ತೊಳೆಸುತ್ತಿದ್ದಳು. ಅಂಥ ಮನೆಯ ಪಡಸಾಲೆಗೆ ಮೂರು ಬುರುಡೆ ಹೋಗಿ ಕೂತರೆ ಏನಾದೀತೆಂದು ಊಹಿಸಲು ಯಾರೂ ಓದಿರಬೇಕಿರಲಿಲ್ಲ. ಉರುಕುಂದಪ್ಪನೂ ಆ ಹಳದಿ ಬೆರಳುಗಳನ್ನು ನೋಡಿದ. ನೋಡಿ, ಕಣ್ಣು ಕಿತ್ತು ಖಾಸಿಂ ಬೀ ಕಡೆ ತಿರುಗಿದ.

"ನೀ ಇದ್ದಿ ಅಲ್ಲ ಅವತ್ತು? ಈಕಿ ಚೀಟಿ ಹಚ್ಚಿದ್ದು ನೋಡೀಯೇನು?"

ಖಾಸಿಂ ಬೀ ಕೈಯಲ್ಲಿದ್ದ ಹುಲ್ಲನ್ನು ಹೊಸೆದಳು. "ನಾ ಹುಲ್ಲು ತುರಕಾಕತ್ತಿದ್ದೆ ಸಾಹುಕಾರ್. ನೋಡಿಲ್ಲ."

ಮಾನಮ್ಮ ಅವಳ ಕೈಯೊಳಗಿನ ಹುಲ್ಲನ್ನೇ ನೋಡಿದಳು. ಸಾಹುಕಾರ ಮಾತು ಮುಂದುವರಿಸಿದ. ಸೋಮವಾರ ಪೆಟ್ಟಿಗೆಗಳನ್ನು ಮತ್ತೆ ಒಯ್ಯಬೇಕು, ಸಹಿ ಹಾಕಿದವರೇ ಬಂದು ಆದದ್ದನ್ನು ಬಾಯಿಂದ ಹೇಳದೆ ಸರಕು ಮುಟ್ಟುವುದಿಲ್ಲವೆಂದು ವಿಮಾನದ ಕಚೇರಿಯವರು ಫೋನಿನಲ್ಲಿ ಹೇಳಿದ್ದಾರೆ.

"ನನ್ನ ಕೂಡ ಜೀಪಿನ್ಯಾಗ ಬರ್ತಿ. ಆಫೀಸರ ಕೇಳಿದ್ರ, ಚೀಟಿ ಹಚ್ಚೋದು ಮರ್ತೆ, ತಿಳೀಲಾರದ ಸಹಿ ಹಾಕಿದೆ ಅನಬೇಕು. ಎರಡ ಮಾತು. ನಿನ್ನ ಕುರ್ಚಿ ನಿನಗ ಇರ್ತದ. ಇಲ್ಲಾಂದ್ರ ಸುಳ್ಳು ಸಹಿ ಅಂತ ನಾನ ಪೊಲೀಸರ ಹತ್ರ ಹೋಗ್ತೀನಿ." ಅವನು ಚಪ್ಪಲಿ ಮೆಟ್ಟಿ ಹೊರಟವನು ಸುತ್ತ ನಿಂತವರಿಗೆ ಕೇಳಿಸುವಂತೆ ಅಂದ, "ನಿಮ್ಮ ಮಂದಿಗೆ ಪೆನ್ನು ಕೊಟ್ರ ಹಿಂಗ ಆಗೋದು."

ಮರೆವು ಮಾನಮ್ಮನಿಗೆ ಒಗ್ಗುವ ತಪ್ಪಾಗಿರಲಿಲ್ಲ. ಅವಳ ಅವ್ವ ಸೂಗಮ್ಮ ಊರ ಗೌಡರ ಹೊಲದಲ್ಲಿ ಕುಡಗೋಲು ಮರೆತು ಬಂದದ್ದಕ್ಕೆ ಒಂದು ಸಲ ಇಡೀ ಓಣಿಯೆದುರು ಬೈಸಿಕೊಂಡಿದ್ದಳು. ಅಂದಿನಿಂದ ಆ ಮನೆಯಲ್ಲಿ ಯಾರೂ ಏನನ್ನೂ ಮರೆಯುತ್ತಿರಲಿಲ್ಲ. ಬೇರೆಯವರ ಮನೆಯ ಮಕ್ಕಳು ಮರೆತರೆ ಮರೆವು, ನಾವು ಮರೆತರೆ ಜಾತಿ ಎಂದು ಅಪ್ಪ ಹೇಳುತ್ತಿದ್ದ. ಈಗ ದೊಡ್ಡ ಊರಿನ ಕಚೇರಿಯಲ್ಲಿ, ಗುರುತಿಲ್ಲದವರ ಎದುರು ನಿಂತು, ತನಗೆ ತಿಳಿಯುವುದಿಲ್ಲ ಎಂದು ತಾನೇ ಹೇಳಬೇಕು.

ಮಧ್ಯಾಹ್ನ ಇಬ್ಬರೂ ಒಟ್ಟಿಗೆ ಬುತ್ತಿ ಬಿಚ್ಚುವ ಬೇವಿನ ಗಿಡದ ಕೆಳಗೆ ಖಾಸಿಂ ಬೀ ಬರಲಿಲ್ಲ. ಮಾನಮ್ಮ ಹುಡುಕಿಕೊಂಡು ಹೋದಾಗ ಗೋದಾಮಿನ ಹಿಂದೆ ಗೋಡೆಗೆ ಮುಖ ಮಾಡಿ ರೊಟ್ಟಿ ತಿನ್ನುತ್ತಿದ್ದಳು.

"ಕೆರದಾಕಿ ನೀನ ಹೌದಲ್ಲ?"

"ಕೈ ನಂದು ಮಾ," ಎಂದಳು ಖಾಸಿಂ ಬೀ, ತಿರುಗದೆ. "ಮುದುಕಿ ಮುಂದ ನಿಂತು ಕೆರಸಿದ್ಳು. 'ನಾಳೆ ಸೊಸಿಗೆ ಕುಬಸ, ಹೊಸ್ತಿಲದಾಗ ಹೆಣದ ತಲಿ ತಂದಿಟ್ಟೀಯಲ್ಲೇ' ಅಂತ ನನ್ನ ಹುಟ್ಟಿದ ದಿನಾ ತೆಗದ್ಳು. ನಾ ಕ್ಯಾ ಕರೂ?"

"ಓಡಿ ಬಂದು ನನಗೊಂದು ಮಾತು ಹೇಳಿದ್ರ ಜೀಪು ಹೋಗೋದ್ರಾಗ ಬ್ಯಾರೆ ಹಚ್ಚತಿದ್ದೆ."

"ಅದನ್ನೂ ಕೆರಿ ಅಂತಿದ್ಳು."

"ಅದು ಹೋಗ್ಲಿ. ನೋಡಿಲ್ಲ ಅಂದಿ."

ಖಾಸಿಂ ಬೀ ಈಗ ತಿರುಗಿದಳು. ಅವಳ ಮುಖದಲ್ಲಿ ನಾಚಿಕೆ ಇದ್ದಿದ್ದರೆ ಮಾನಮ್ಮ ಅಲ್ಲಿಗೇ ಬಿಟ್ಟುಬಿಡುತ್ತಿದ್ದಳೇನೋ. ಅಲ್ಲಿದ್ದದ್ದು ಸಿಟ್ಟು.

"ಅಂದೆ. ಇನ್ನೂ ನೂರು ಸಲ ಅಂತೀನಿ. ನಿನಗ ಗಂಡ ಅದಾನ, ಸರಕಾರಿ ಪಗಾರ ಅದ. ನನ್ನ ಮನ್ಯಾಗ ಮೂರು ಹೆಣ್ಣುಡಿಗೇರು, ಒಬ್ಬ ಗಂಡಸಿಲ್ಲ. ಮುದುಕಿ ಹೆಸರು ಯಾರೂ ತಗೊಳ್ಳಂಗಿಲ್ಲ, ಕೊನಿಗೆ ನನ್ನ ಮ್ಯಾಲೇ ಬರ್ತದ. ಮರ್ತೆ ಅನ್ನು, ಇಬ್ಬರ್ದೂ ಉಳೀತದ. ನನ್ನ ಹೆಸರು ಬಾಯಿಗೆ ತಂದಿ ಅಂದ್ರ, ನಿನ್ನ ಹೊಟ್ಟಿ ಸುದ್ದಿ ಸಾಹುಕಾರ್ಗೆ ಹೇಳ್ತೀನಿ. ನಕ್ಕೊ ಮಾನಮ್ಮಾ, ಬ್ಯಾಡ, ನನ್ನ ಕೂಡ ಈ ಆಟ ಬ್ಯಾಡ."

ಮಾನಮ್ಮ ತನ್ನ ಬುತ್ತಿಯ ಗಂಟು ಕಟ್ಟಿಕೊಂಡು ಬಂದಳು. ತಿಂಗಳಿಗೆ ಎರಡು ಸಲ ಆ ಬುತ್ತಿಯಿಂದ ಖಾಸಿಂ ಬೀ ಹುಡುಗಿಯರಿಗೆಂದು ಹೋಳಿಗೆ ಹೋಗುತ್ತಿತ್ತು. ಅದನ್ನು ನೆನೆಸಿಕೊಂಡದ್ದಕ್ಕೆ ತನ್ನ ಮೇಲೇ ಅವಳಿಗೆ ಹೇಸಿಗೆಯಾಯಿತು.

ಇಳಿಹೊತ್ತಿನಲ್ಲಿ ಬಸ್ಸಮ್ಮನ ಕರೆ ಬಂತು. ಮಾನಮ್ಮ ಹಿತ್ತಲ ಬಾಗಿಲಿಗೆ ಹೋದಳು. ಕುಬಸದ ಮನೆ ಇನ್ನೂ ಹೂವು, ಎಣ್ಣೆ, ಬೆಲ್ಲದ ವಾಸನೆಯಲ್ಲಿ ತುಂಬಿತ್ತು. ಒಳಗೆ ಹಸಿರು ಸೀರೆಯ ಸೊಸೆ ಗೋಡೆ ಹಿಡಿದು ನಿಧಾನವಾಗಿ ನಡೆದು ಹೋದದ್ದು ಕಂಡಿತು. ಅವಳ ಮುಂದೆ ಒಬ್ಬಳು ಹೆಂಗಸು ನೆಲದ ಮೇಲಿನ ತೆಂಗಿನ ಚಿಪ್ಪನ್ನು ಸರಿಸುತ್ತ ಹೋದಳು, ಕಾಲಿಗೆ ತಾಕೀತೆಂದು.

ಬಸ್ಸಮ್ಮ ಹೊಸ್ತಿಲೊಳಗೆ ನಿಂತಿದ್ದಳು. "ಸೆರಗು ಹಿಡಿ," ಎಂದಳು. ಮಾನಮ್ಮ ಹಿಡಿದಳು. ಮೇಲಿನಿಂದ ಒಂದು ಕೊಬ್ಬರಿ ಬಟ್ಟಲು, ಎರಡು ಎಲೆ, ಒಂದು ಕುಬಸದ ಖಣ ದಪದಪನೆ ಬಿದ್ದವು.

"ಸೋಮವಾರ ಹೋಗ್ತಿ ಅಂತಲ್ಲ. ನೆಟ್ಟಗ ಮಾತಾಡು."

"ಚೀಟಿ ನೀವ ಕೀಳಿಸಿದ್ರಂತ್ರಿ ಯವ್ವಾ."

"ಕೀಳಿಸಿದೆ. ಅದಕ್ಕ ಈಗ ಊರಾಗ ಡಂಗರಾ ಹೊಡಿಸ್ಲೇನು? ತುಂಬಿದ ಬಸರಿ ಓಡ್ಯಾಡೋ ಮನ್ಯಾಗ ಸುಡಗಾಡದ ಚಿತ್ರ ಇಟ್ರ ಯಾರು ಸುಮ್ನಿರ್ತಾರ? ಒಳ್ಳೆದಾಗ್ಲಿ ಅಂತ ಅರಿಷಿಣ ಹಚ್ಚಿ ಕಳಿಸಿದ್ರ, ಅವೇನೋ ವಿಮಾನದ ಮಂದಿ, ಅವರಿಗೆ ದೇವರಿಲ್ಲ, ದಿಂಡರಿಲ್ಲ."

"ಒಳಗಿದ್ದದ್ದು ವಿಷ ಅಲ್ಲೇನ್ರಿ? ಡಬ್ಬಿ ಸೋರಿ, ವಿಮಾನದಾಗಿದ್ದವರಿಗೆ ಏನಾರ ಆಗಿದ್ರ?"

"ವಿಮಾನದಾಗಿದ್ದವರು ನನ್ನ ಮೊಮ್ಮಗನಿಗಿಂತ ಹೆಚ್ಚೇನು?" ಎಂದವಳು ಸಟ್ಟನೆ ಮಾತು ನಿಲ್ಲಿಸಿ, ಕಣ್ಣು ಸಣ್ಣ ಮಾಡಿ ಮಾನಮ್ಮನನ್ನು ನೋಡಿದಳು. ಸೆರಗಿನ ಭಾರಕ್ಕೆ ಮಾನಮ್ಮನ ಎಡಗೈ ತಾನಾಗಿ ಕಿಬ್ಬೊಟ್ಟೆಯ ಮೇಲೆ ಹೋಗಿತ್ತು. ಐದು ಹೆತ್ತ ಹೆಂಗಸಿನ ಕಣ್ಣಿಗೆ ಅಷ್ಟು ಸಾಕಾಯಿತು.

"ಎಷ್ಟು ತಿಂಗಳಲೇ?"

"ನಾಲ್ಕುರಿ."

"ಮತ್ತ ಆ ಚೀಟಿ ನೀನ ಹಚ್ಚಿದ್ಯಲ್ಲ? ಕೈಯಾರೆ?"

ಮುದುಕಿಯ ದನಿ ಒಮ್ಮೆಲೇ ಇಳಿದಿತ್ತು. ಆ ಒಂದು ಗಳಿಗೆ ಮಾನಮ್ಮನಿಗೆ ತಡೆಯಲಾರದ ಆಸೆಯೊಂದು ಹುಟ್ಟಿತು. ಈಗ ಈ ಹೆಂಗಸು ಅಯ್ಯೋ ಅನ್ನುತ್ತಾಳೆ, ನಿನಗೆ ಯಾರೂ ಹೇಳಲಿಲ್ಲವೇ ಅನ್ನುತ್ತಾಳೆ, ಆಗ ತಾನೂ ಎಲ್ಲ ಮರೆತು ಸೋಮವಾರ ಮರೆತೆನೆಂದೇ ಹೇಳಿಬಿಡಬಹುದು.

"ಇರ್ಲಿ ಬಿಡು," ಎಂದಳು ಬಸ್ಸಮ್ಮ. "ನಿಮ್ಮ ಮಂದಿಗೆ ಏನೂ ಆಗಂಗಿಲ್ಲ. ಸುಡಗಾಡದ ಬಾಜೂಕ ಹುಟ್ಟತೀರಿ, ಅಲ್ಲೇ ಬೆಳೀತೀರಿ. ಕಬ್ಬಿಣದ ಹೊಟ್ಟಿ. ನನ್ನ ಮಗನಿಗೆ ಈ ಸುದ್ದಿ ನಾ ಹೇಳಂಗಿಲ್ಲ. ನೀ ಅಲ್ಲಿ ಹೇಳೋದು ಹೇಳು."

ಬಾಗಿಲು ಹಾಕಿಕೊಂಡಿತು.

ಮಾನಮ್ಮ ಬುರುಡೆಗೆ ಹೆದರುವವಳಲ್ಲ. ಮಸರಕಲ್ಲಿನಲ್ಲಿ ಅವಳ ದೊಡ್ಡಪ್ಪಂದಿರು ಹೆಣದ ಗುಣಿ ತೋಡಲು ಹೋಗುತ್ತಿದ್ದರು. ಅಪ್ಪ ಆ ಕೆಲಸ ಬಿಟ್ಟು, ಗೋಡೆಗೆ ಬುದ್ಧನ ಪಟ ಹಾಕಿ, ಶಕುನ ಅಪಶಕುನ ಎಂದವರನ್ನು ಮನೆಯೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಚಿತ್ರದಿಂದ ಮಗುವಿಗೆ ಏನೂ ಆಗುವುದಿಲ್ಲವೆಂದು ಅವಳಿಗೆ ಗೊತ್ತು. ಡಬ್ಬಿಯ ಬಾಯಿಂದ ಬರುವ ವಾಸನೆಗೆ ಏನಾದರೂ ಆಗಬಹುದೆಂದೂ ಗೊತ್ತು. ಆದರೂ ಗಂಜಿನ ದಾರಿಯಲ್ಲಿ ನಡೆಯುತ್ತ ಅವಳಿಗೆ ಕಣ್ಣೀರು ಬಂದದ್ದು ಅದಕ್ಕಲ್ಲ. ಸುಳ್ಳೇ ಇರಲಿ, ಮೂಢತನವೇ ಇರಲಿ, ಆ ಸೊಸೆಗಾಗಿ ಯಾರೋ ಬಿಸಿನೀರು ಕಾಸಿ ಸಾವಿನ ಮುಖವನ್ನು ಕೆರೆಸಿದ್ದರು. ತನ್ನ ಪಾಲಿಗೆ ಅಂಥ ಸುಳ್ಳನ್ನೂ ಯಾರೂ ಮಾಡಿರಲಿಲ್ಲ. ದಾರಿಯಲ್ಲಿ ಎದುರಾದ ಎಮ್ಮೆಯ ಮುಂದೆ ಕೊಬ್ಬರಿಯನ್ನೂ ಎಲೆಯನ್ನೂ ಚೆಲ್ಲಿದಳು. ಖಣವನ್ನು ಮಾತ್ರ ಚೆಲ್ಲಲಾಗಲಿಲ್ಲ, ಒಳ್ಳೆಯ ಬಟ್ಟೆಯಾಗಿತ್ತು. ಅದಕ್ಕೂ ಸಿಟ್ಟು ಬಂತು.

ಅವಳ ಗಂಡ ಯಂಕೋಬ ಮಾನ್ವಿ ತಾಲೂಕಿನ ಕುರ್ಡಿಯಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರ. ವಾರಕ್ಕೊಮ್ಮೆ ಬರುತ್ತಿದ್ದ. ಭಾನುವಾರ ಅವನ ತಾಟಿಗೆ ಬಿಸಿ ರೊಟ್ಟಿ ಹಾಕುತ್ತ ಅವಳು ಎಲ್ಲವನ್ನೂ ಹೇಳಿದಳು.

"ಮರ್ತೆ ಅಂದ್ರ ಬಾಯಿ ಸವೀತದೇನು?" ಎಂದ ಅವನು.

"ತಿಳೀಲಾರದ ಸಹಿ ಹಾಕಿದೆ ಅಂತನೂ ಅನಬೇಕಂತ."

"ಅನ್ನು. ಆ ಆಫೀಸರ ಏನು ನಿನ್ನ ಮಾವನೋ, ಕಾಕಾನೋ? ಇನ್ನೊಮ್ಮೆ ಅವನ ಮುಖಾ ನೋಡ್ತೀಯೇನು? ಕೂಸು ಬರೋದದ. ಈಗ ಕೆಲಸ ಕಳಕೊಂಡು ಕುಂದ್ರತೀಯಾ?"

"ನೀವಾಗಿದ್ರ ಅಂತಿದ್ರೇನು?"

ಯಂಕೋಬ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ಅಂದೀನಿ," ಎಂದ. "ಹೋದ ವರ್ಷ ಇನ್ಸ್‌ಪೆಕ್ಟರ್ ಬಂದಾಗ ಸಾಲಿ ಗಡಿಯಾರ ಕಳದಿತ್ತು. ಹೆಡ್ ಮಾಸ್ತರ ಮನಿಗೆ ಒಯ್ದಿದ್ದ. ನನ್ನ ಕೈಯಾಗ ಕಳೀತು ಅಂತ ಹೇಳಿಸಿದ್ರು. ಅಂದೆ."

"ನನಗ ಹೇಳೇ ಇಲ್ಲ."

"ಏನದ ಅದರಾಗ ಹೇಳೋದು?"

"ಅಂದ ಮ್ಯಾಲ ಏನಾತು?"

"ಏನಾಗ್ತದ? ಕೆಲಸ ಉಳೀತು." ಅವನು ತಾಟನ್ನು ದೂರ ಸರಿಸಿದ. "ಗಡಿಯಾರ ಕಳಕೊಂಡ ಮಾಸ್ತರ ಅಂತ ಹುಡುಗರು ಹಿಂದಿಂದ ಅಂತಾವ. ಅನ್ನಲಿ. ಸಾಯಂಗಿಲ್ಲ ಅದರಿಂದ." ಕೈತೊಳೆಯಲು ಹೊರಗೆ ಹೋದವನು ಬಹಳ ಹೊತ್ತು ಒಳಗೆ ಬರಲಿಲ್ಲ.

ಸೋಮವಾರ ಬೆಳಿಗ್ಗೆ ಮಾನಮ್ಮ ಗೋದಾಮಿನಲ್ಲಿಯೇ ಹೊಸ ಚೀಟಿಗಳನ್ನು ಅಂಟಿಸಿದಳು. ಅಂಟಿಸಲು ಮತ್ತೆ ಅವಳನ್ನೇ ಕೂರಿಸಿದ್ದರು. ಖಾಸಿಂ ಬೀ ಅಂಟಿನ ಬಟ್ಟಲನ್ನು ಅವಳ ಹತ್ತಿರಕ್ಕೆ ಕಾಲಿನಿಂದ ತಳ್ಳಿ, ಹೋಗಿ ದೂರ ನಿಂತಳು. ಪೆಟ್ಟಿಗೆಗಳು ಈ ಸಲ ಸಾಹುಕಾರರ ಮನೆಗೆ ಹೋಗಲಿಲ್ಲ. ಯಾಕೆ ಹೋಗಲಿಲ್ಲವೆಂದು ಯಾರೂ ಕೇಳಲಿಲ್ಲ.

ಜೀಪಿನಲ್ಲಿ ಸಾಹುಕಾರ ಮುಂದೆ ಕೂತ. ಮಾನಮ್ಮನಿಗೆ ಹಿಂದೆ, ಪೆಟ್ಟಿಗೆಗಳ ನಡುವೆ ಜಾಗ. ಅವುಗಳಲ್ಲೊಂದು ಹೈದರಾಬಾದಿನಲ್ಲಿ ಎತ್ತಿ ಇಳಿಸಿದಾಗ ಪೆಟ್ಟು ತಿಂದಿತ್ತು. ಹೊಂಡ ಬಂದಾಗಲೆಲ್ಲ ಘಾಟು ಬರುತ್ತಿತ್ತು. ಅವಳು ಮುಖವನ್ನು ಹೊರಗೆ ಚಾಚಿ ಗಾಳಿ ಕುಡಿದಳು. ಕೃಷ್ಣೆಯ ಸೇತುವೆ ಹೋಯಿತು. ಮಕ್ತಲ್ ಬರುವಷ್ಟರಲ್ಲಿ ಅಂಗಡಿಗಳ ಬೋರ್ಡು ತೆಲುಗಾದವು.

"ಜಹೀರಾ, ಹಿಂದ ಕುಂತವರ ಜೀವ ಅದ ಏನು ನೋಡು," ಎಂದು ಸಾಹುಕಾರ ನಕ್ಕ. ಚಹಾ ಕುಡಿದ ಮೇಲೆ ಅವನ ಮನಸ್ಸು ಹಗುರಾಗಿತ್ತು. "ಮತ್ತ ಏನವಾ, ಆಫೀಸರ ಮುಂದ ಹೆದರಬ್ಯಾಡ. ಹೆಣ್ಣುಮಗಳು ಅಂತ ಬೈಯಂಗಿಲ್ಲ ಅವ. ಸ್ವಲ್ಪ ಕಣ್ಣೀರು ಹಾಕಿದ್ರೂ ನಡೀತದ. ಏನ್ ಹೇಳಬೇಕು, ಗೊತ್ತದ ಅಲ್ಲ?"

"ಗೊತ್ತದ್ರಿ," ಎಂದಳು ಮಾನಮ್ಮ.

ಅವಳಿಗೆ ಗೊತ್ತಾದದ್ದು ಆಗಲೇ, ಆ ಮಾತು ಬಾಯಿಂದ ಬಂದಾಗಲೇ. ಆಫೀಸರನ ಎದುರು ಅವಳ ಇಂಗ್ಲಿಷು ಸರಾಗವಾಗಿ ಬರಲಾರದು. ಆದರೆ ಟೈಪ್ ಮಾಡುವ ಹಾಗೆ ಒಂದೊಂದೇ ಪದ ಹೇಳಬಹುದು. ಚೀಟಿ ನಾನು ಅಂಟಿಸಿದೆ. ನನ್ನ ಸಹಿ ನಿಜ. ಮಾಲೀಕರ ಮನೆಯಲ್ಲಿ ಅವರ ತಾಯಿ ಅದನ್ನು ತೆಗೆಸಿದರು. ಯಾರ ಕೈಯಿಂದ ಎಂದು ಅವನು ಕೇಳುತ್ತಾನೆ. ಗೊತ್ತಿಲ್ಲ ಅನ್ನಬೇಕು. ಕೆರೆದ ಕೈಯ ಹೆಸರು ತನ್ನ ಬಾಯಿಂದ ಬರುವುದಿಲ್ಲ, ಆ ಕೈಯನ್ನು ತಾನು ಕ್ಷಮಿಸದಿದ್ದರೂ. ಕೆರೆ ಎಂದ ಬಾಯಿಯ ಹೆಸರು ಮಾತ್ರ ಬರುತ್ತದೆ. ಸಾಹುಕಾರ ಅಲ್ಲೇ ನಿಂತಿರುತ್ತಾನೆ. ಬರುವಾಗ ಈ ಜೀಪಿನಲ್ಲಿ ಅವಳಿಗೆ ಜಾಗ ಇರುವುದಿಲ್ಲ. ಬಸ್ಸಿಗೆ ಬೇಕಾಗುವಷ್ಟು ದುಡ್ಡು ಸೆರಗಿನ ಗಂಟಿನಲ್ಲಿತ್ತು.

ಮುಂದಿನ ಸೀಟಿನಿಂದ ಸಾಹುಕಾರ ಎರಡು ಬಾಳೆಹಣ್ಣು ಹಿಂದಕ್ಕೆ ಚಾಚಿದ. ಅವಳಿಗೆ ಹಸಿವಾಗಿತ್ತು. ತೆಗೆದುಕೊಂಡು ತಿಂದಳು.